ಬ್ಯಾರನ್ನಿನ ಎರಡು ಚಿತ್ರಗಳು

ನಾನು ಹುಣಸೂರಿನ ಒಂದು ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಕೆಂಪು ಮತ್ತು ಹಳದಿ ನೋಡುವುದೇ ನನ್ನ ಉದ್ಯೋಗ. ಹಾಗಾಗಿ ಜಲವರ್ಣದಲ್ಲಿ ಚಿತ್ರ ಬರೆಯಲು ಶುರು ಮಾಡಿದಾಗ, ಈ ಎರಡು ಬಣ್ಣಗಳ ವಿಷಯದಲ್ಲಾದರೂ ನನಗೆ ಕಷ್ಟವಾಗಲಾರದು ಎಂದುಕೊಂಡಿದ್ದೆ. ಕಷ್ಟವಾಯಿತು.

ಚಿತ್ರ ಬರೆಯಬೇಕೆಂಬ ಆಸೆ ನನಗೆ ಚಿಕ್ಕಂದಿನಿಂದಲೂ ಇತ್ತು ಎಂದು ಹೇಳಿಕೊಳ್ಳಬಹುದಿತ್ತು. ಇರಲಿಲ್ಲ. ನನ್ನ ಬಿ.ಪಿ. ಏರಿತ್ತು, ಅಷ್ಟೆ. ಲ್ಯಾಬಿನ ಎದುರಿಗೇ ಇರುವ ಡಾಕ್ಟರು ನೋಡಿ, "ಮಾತ್ರೆ ಈಗಲೇ ಬೇಡ. ದಿನಾ ನಡೀರಿ. ಮನಸ್ಸು ಹಗುರ ಆಗೋ ಥರ ಏನಾದ್ರೂ ಹವ್ಯಾಸ ಇಟ್ಕೊಳ್ಳಿ" ಅಂದರು. ಯಾವ ಹವ್ಯಾಸ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ತಮಗೂ ಯಾವುದೂ ಇಲ್ಲ ಅಂದರು.

ಅದೇ ವಾರ ನಮ್ಮ ಅತ್ತೆಗೂ ನಡೆಯಲು ಹೇಳಿದರು. ಅತ್ತೆಗೆ ಸಕ್ಕರೆ ಕಾಯಿಲೆ. ರಕ್ತ ತೆಗೆದವಳೂ ನಾನೇ, ರಿಪೋರ್ಟು ಓದಿ ಹೇಳಿದವಳೂ ನಾನೇ. ಆದ್ದರಿಂದ ಕಾಯಿಲೆ ತಂದವಳೂ ನಾನೇ ಇರಬಹುದೆಂಬ ಅನುಮಾನ ಅವರಿಗೆ ಸ್ವಲ್ಪ ದಿನ ಇತ್ತು.

ಅತ್ತೆ ಕೆ.ಆರ್. ನಗರದ ಕಡೆಯ ಗದ್ದೆ ಊರಿನವರು. ಜೀವನದಲ್ಲಿ ಅವರು ನಡೆದಿರುವಷ್ಟು ದೂರ ನಾನು ಬಸ್ಸಿನಲ್ಲೂ ಹೋಗಿಲ್ಲ. ಆದರೆ ತಲೆಯ ಮೇಲೆ ಬುತ್ತಿಯೋ ಹುಲ್ಲಿನ ಹೊರೆಯೋ ಇಲ್ಲದೆ ನಡೆದವರಲ್ಲ. ಕೈ ಬೀಸಿಕೊಂಡು ನಡೆಯುವುದೆಂದರೆ ಅವರಿಗೆ ನಾಚಿಕೆ.

"ಕೆಲ್ಸ ಇಲ್ದೆ ಸುತ್ತುದ್ರೆ ನೋಡ್ದೋರು ಏನಂದಾರು? ಏನೋ ಕಳ್ಕೊಂಡು ಉಡುಕ್ತಾವ್ಳೆ ಅಂತಾರೆ" ಅಂದರು.

ಬಲವಂತ ಮಾಡಿ ಒಂದು ಬೆಳಿಗ್ಗೆ ಮೈದಾನಕ್ಕೆ ಕರೆದುಕೊಂಡು ಹೋದೆ. ಒಂದು ಸುತ್ತು ಹಾಕಿ ಗೇಟಿನ ಹತ್ತಿರ ಕೂತುಬಿಟ್ಟರು. ಹೋಗಿಬರುವವರಿಗೆಲ್ಲ ಯಾರಿಗೋ ಕಾಯುತ್ತಿದ್ದೇನೆ ಎಂದು ಹೇಳಿದರು. ಮರುದಿನ ಬರುವಾಗ ಕೈಯಲ್ಲೊಂದು ಖಾಲಿ ಚೀಲವಿತ್ತು. ಮಾರ್ಕೆಟ್ಟಿಗೆ ಹೊರಟವರ ಹಾಗೆ ಕಾಣಬೇಕಂತೆ. ಚೀಲ ಹಿಡಿದು ಮೂರು ಸುತ್ತು ಹಾಕಿದರು. ಆಮೇಲೆ, ಚೀಲದಲ್ಲಿ ಏನೂ ಇಲ್ಲದೆ ಮನೆಗೆ ಬರುವುದು ಸರಿ ಕಾಣುವುದಿಲ್ಲವೆಂದು ಸೊಪ್ಪು ಕೊಂಡು ಬಂದರು. ಹೀಗೆ ಮನೆಯಲ್ಲಿ ಸೊಪ್ಪು ಹೆಚ್ಚಾಯಿತು, ನಡಿಗೆ ಹೆಚ್ಚಾಗಲಿಲ್ಲ.

ಆ ಹೊತ್ತಿಗೆ ನಾನು ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಜಲವರ್ಣದ ವಿಡಿಯೊಗಳನ್ನು ನೋಡಲು ಹಿಡಿದಿದ್ದೆ. ಯಾವುದೋ ದೇಶದ ಒಬ್ಬರು ಹಾಳೆಯನ್ನು ಒದ್ದೆ ಮಾಡಿ, ಬ್ರಷ್ಷನ್ನು ಎರಡು ಸಲ ಆಡಿಸಿದರೆ ಕೆರೆ ಬಂದುಬಿಡುತ್ತಿತ್ತು. ಇನ್ನೊಂದು ಸಲ ಆಡಿಸಿದರೆ ಬೆಟ್ಟ. ಅದನ್ನು ನೋಡುವಾಗ ನನ್ನ ಉಸಿರು ನಿಧಾನವಾಗುವುದು ನನಗೇ ಗೊತ್ತಾಗುತ್ತಿತ್ತು. ಸ್ಟೇಷನರಿ ಅಂಗಡಿಗೆ ಹೋಗಿ ಬಣ್ಣದ ಡಬ್ಬಿ ಕೇಳಿದೆ. ಅಂಗಡಿಯವರು, "ಮಗು ಯಾವ ಕ್ಲಾಸು?" ಅಂದರು. ಐದನೇ ಕ್ಲಾಸು ಅಂದೆ. "ಹಂಗಾದ್ರೆ ಇದು ಸಾಕು" ಎಂದು ಒಂದು ಡಬ್ಬಿ ಕೊಟ್ಟರು.

ಮೊದಲು ಬರೆದದ್ದು ನಮ್ಮ ತಾರಸಿಯ ನೀರಿನ ಟ್ಯಾಂಕು. ಹಾಳೆ ಒದ್ದೆಯಾಗಿ ಹಪ್ಪಳದ ಹಾಗೆ ಎದ್ದಿತು. ಆಕಾಶಕ್ಕೆ ಹಾಕಿದ ನೀಲಿ ಟ್ಯಾಂಕಿನ ಕಪ್ಪಿನೊಳಕ್ಕೆ ಇಳಿದು, ಟ್ಯಾಂಕು ಸೋರುತ್ತಿರುವಂತೆ ಕಂಡಿತು. ನನ್ನ ಗಂಡ ಕನ್ನಡಕ ಹಾಕಿಕೊಳ್ಳುವ ಮೊದಲೇ ಚೆನ್ನಾಗಿದೆ ಅಂದರು. ಹಾಕಿಕೊಂಡ ಮೇಲೆ ಪ್ಲಂಬರನ್ನು ಕರೆಸೋಣವೇ ಎಂದು ಕೇಳಿದರು.

ಎರಡು ತೊಂದರೆಗಳನ್ನು ಒಟ್ಟಿಗೆ ಕಟ್ಟಿದರೆ ಹೇಗೆ ಎಂದು ನನಗೆ ಹೊಳೆದದ್ದು ಮಳೆಗಾಲ ಮುಗಿದ ಮೇಲೆ. ನಾನು ಹೊರಗೆ ಹೋಗಿ ಚಿತ್ರ ಬರೆಯುವುದು, ಅತ್ತೆ ನನ್ನ ಸಾಮಾನು ಹೊರುವುದು. ಜಾಗ ಅತ್ತೆಯೇ ಆರಿಸಿದರು. ನೀರು ಹರಿಯದ ಊರು ಅವರ ಲೆಕ್ಕದಲ್ಲಿ ಊರೇ ಅಲ್ಲ. ಹನಗೋಡಿನಲ್ಲಿ ಲಕ್ಷ್ಮಣತೀರ್ಥ ಹೊಳೆ ಇದೆ, ನಾಲೆ ಇದೆ. ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ ನಾಲೆ ಏರಿಯ ಮೇಲೆ ನಡೆಯುವುದೆಂದು ತೀರ್ಮಾನವಾಯಿತು. ಮಡಿಸುವ ಸ್ಟೂಲು, ನೀರಿನ ಬಾಟಲಿ, ಬುತ್ತಿ ಎಲ್ಲ ಅತ್ತೆಯ ಪಾಲು. ದಾರಿಯಲ್ಲಿ ಯಾರಾದರೂ ದಿಟ್ಟಿಸಿದರೆ, ಅವರು ಕೇಳುವ ಮೊದಲೇ, "ನಮ್ ಸೊಸೆಗೆ ಸಾಮಾನು ಎತ್ಕೊಂಡ್ ಬಂದಿವ್ನಿ" ಎಂದು ಹೇಳಿಬಿಡುತ್ತಿದ್ದರು. ಮೈದಾನದಲ್ಲಿ ಮೂರು ಸುತ್ತಿಗೆ ಮಂಡಿ ನೋವು ಎಂದವರು ಏರಿಯ ಉದ್ದಕ್ಕೂ ನನಗಿಂತ ಮುಂದೆ ಹೋಗುತ್ತಿದ್ದರು.

ಏರಿಯ ಕಡೆ ಹೊರಡುವ ಮೊದಲು ಹನಗೋಡಿನ ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ, ಪಕ್ಕದ ಕಾಡಿನಿಂದ ಹೊಲಕ್ಕಿಳಿಯುವ ಆನೆ ಎಲ್ಲಿದೆ ಎಂದು ವಿಚಾರಿಸುತ್ತಿದ್ದೆವು. ಅಂಗಡಿಯವರು ಮೊಬೈಲಿಗೆ ಬಂದ ಆನೆಯ ಸುದ್ದಿ ನೋಡಿ, "ರಾತ್ರಿ ಆ ಕಡೆ ಓಗವೆ. ಇವತ್ತು ನೀವು ಈ ಕಡೆ ಓಗ್ಬೋದು" ಎನ್ನುತ್ತಿದ್ದರು. ಮೈಸೂರಿನ ಬಸ್ಸು ಹೋಯಿತೇ ಎಂದು ಕೇಳಿದರೂ ಅವರ ದನಿ ಅದೇ.

ಮೂರನೆಯದೋ ನಾಲ್ಕನೆಯದೋ ಭಾನುವಾರ. ರಾಗಿ ಕೊಯ್ಲಿಗೆ ಬಂದಿತ್ತು. ಏರಿಯ ಕೆಳಗೆ ಒಂದು ಹೊಲ, ಅದರಾಚೆ ಒಂದು ಹಳೆಯ ಬ್ಯಾರನ್ನು. ನಮ್ಮ ಕಡೆಯವರಲ್ಲದವರಿಗೆ ಹೇಳಬೇಕೆಂದರೆ, ಬ್ಯಾರನ್ನು ಹೊಗೆಸೊಪ್ಪು ಬೇಯಿಸುವ ಮನೆ. ಕಿಟಕಿಗಳಿಲ್ಲದ ಎತ್ತರದ ಗೋಡೆ, ಮೇಲೆ ಹೆಂಚು, ಕೆಳಗೆ ಹೊರಗಡೆಯಿಂದ ಸೌದೆ ನೂಕುವ ಒಲೆಯ ಬಾಯಿ. ಒಳಗೆ ಹಸಿರು ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ನೇತು ಹಾಕಿ, ದಿನಗಟ್ಟಲೆ ಶಾಖ ಕೊಟ್ಟು ಹಳದಿ ಮಾಡುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಇದಿಲ್ಲದ ಹೊಲದ ಸಾಲು ಕಡಿಮೆ.

ನಾನು ರಟ್ಟಿನ ಮೇಲೆ ಹಾಳೆ ಅಂಟಿಸಿಕೊಂಡು, ಒಂದು ಕಣ್ಣು ಮುಚ್ಚಿ ಬ್ರಷ್ಷಿನಿಂದ ದೂರ ಅಳೆಯುತ್ತಿದ್ದೆ. ಎರಡು ಬೈಕುಗಳಲ್ಲಿ ಮೂವರು ಬಂದು ನಿಂತರು. ಮೂವರ ಮುಖವೂ ಬಿಗಿದಿತ್ತು.

"ಯಾವ ಆಫೀಸಿಂದ ಬಂದಿದ್ದೀರಿ ಮೇಡಮ್?" ಎಂದು ಹಿರಿಯರೊಬ್ಬರು ಕೇಳಿದರು.

ಆ ಕಡೆ ಹೊಲಗಳ ಮೇಲೆ ದೊಡ್ಡ ರಸ್ತೆ ಬರುತ್ತದೆಂದು ಸುದ್ದಿ ಎದ್ದಿತ್ತಂತೆ. ಅಳತೆಯವರು ಬಂದಿದ್ದಾರೆ ಎಂದು ಯಾರೋ ಫೋನು ಮಾಡಿದ್ದರು. ನನಗೆ ಏನು ಹೇಳಬೇಕೆಂದು ತೋಚುವ ಮೊದಲೇ ಅತ್ತೆ, "ಯಾವ ಆಪೀಸೂ ಇಲ್ಲ ಕಣಪ್ಪ. ನಂಗೆ ಸುಗರ್ರು" ಅಂದರು.

ಅವರಿಗೆ ಇದರಿಂದ ಸಮಾಧಾನವಾಗಲಿಲ್ಲ. ನಾನು ಹಾಳೆಯನ್ನು ತಿರುಗಿಸಿ ತೋರಿಸಿದೆ. ಮೂವರೂ ಬಗ್ಗಿ ನೋಡಿದರು.

"ಇದು ಯಾವೂರು ಮೇಡಮ್?"

"ಇದೇ. ಎದುರಿಗಿರೋ ಹೊಲ."

ಹಿರಿಯರು ಹೊಲ ನೋಡಿದರು, ಹಾಳೆ ನೋಡಿದರು, ಮತ್ತೆ ಹೊಲ ನೋಡಿದರು. ಅವರ ಮುಖದ ಬಿಗಿ ಇಳಿದದ್ದು ಕಣ್ಣಿಗೆ ಕಾಣುವಂತಿತ್ತು.

"ಬರ್ಕೊಳಿ ಮೇಡಮ್, ಬುಡಿ. ಇದ್ರಿಂದ ಯಾರ್ಗೂ ಏನೂ ಆಗಕಿಲ್ಲ" ಅಂದರು.

ನನ್ನ ಚಿತ್ರಗಳ ಬಗ್ಗೆ ಇಷ್ಟು ಸ್ಪಷ್ಟವಾದ ಅಭಿಪ್ರಾಯ ಆಮೇಲೆ ನನಗೆ ಸಿಕ್ಕಿಲ್ಲ.

ಉಳಿದಿಬ್ಬರು ಹೊರಟರು. ಹಿರಿಯರು ಮಾತ್ರ ಬೈಕಿನ ಮೇಲೆ ಕೂತೇ ಇದ್ದರು. ಹೊಲ, ಬ್ಯಾರನ್ನು ಎರಡೂ ಅವರದೇ.

"ನಮ್ ಬ್ಯಾರನ್ನು ಬರ್ದ್ಕೊಡ್ತೀರಾ ಮೇಡಮ್?" ಎಂದು ಕೇಳಿದರು. ಅವರು ಹೊಗೆಸೊಪ್ಪು ಬಿಟ್ಟಿದ್ದರು. ಬ್ಯಾರನ್ನಿನ ಗೋಡೆ ಬಿರುಕು ಬಿಟ್ಟಿತ್ತು. ರಾಗಿ ಒಕ್ಕಣೆ ಮುಗಿದ ಮೇಲೆ ಅದನ್ನು ಕೆಡವಿ ಆ ಜಾಗದಲ್ಲಿ ಕೊಟ್ಟಿಗೆ ಕಟ್ಟಿಸುವವರಿದ್ದರು. ಹೆಂಡತಿಗೆ ಗೋಡೆಯ ಮೇಲೆ ಬ್ಯಾರನ್ನಿನದೊಂದು ಪಟ ಇರಲಿ ಎಂದು ಆಸೆಯಂತೆ.

"ಫೋಟೋ ತೆಗೆಸಿದರೆ ಚೆನ್ನಾಗಿ ಬರುತ್ತಲ್ಲ" ಅಂದೆ.

"ತೆಗ್ದಿವ್ನಿ. ಫೋಟೋದಲ್ಲಿ ಬಿರುಕೆಲ್ಲ ಕಾಣ್ತದೆ. ನೀವು ಬರುದ್ರೆ ಅಂಗೆಲ್ಲ ಗೊತ್ತಾಗಕಿಲ್ಲ."

ಇದನ್ನು ಮೆಚ್ಚುಗೆ ಎಂದು ತಿಳಿದು ಒಪ್ಪಿಕೊಂಡೆ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಏರಿಯ ಮೇಲೆ ನಡೆದು ಹೋಗಿ ಅವರ ಕಣದಲ್ಲಿ ಸ್ಟೂಲು ಹಾಕುತ್ತಿದ್ದೆವು. ಮನೆಯಾಕೆ ನನಗಿಂತ ಸ್ವಲ್ಪ ಚಿಕ್ಕವರು. ಮೊದಲ ದಿನವೇ ನನ್ನನ್ನು ಅಕ್ಕ ಎಂದೂ ಅತ್ತೆಯನ್ನು ಅವ್ವ ಎಂದೂ ಕರೆದರು. ಅವರೆಕಾಯಿಯ ಕಾಲ. ಅವರಿಬ್ಬರೂ ಮೊರದ ಎರಡು ಕಡೆ ಕೂತು ಕಾಯಿ ಸುಲಿಯುತ್ತಿದ್ದರು. ನಾನು ಬ್ಯಾರನ್ನು ನೋಡುತ್ತಾ ಕೂರುತ್ತಿದ್ದೆ.

ಗದ್ದೆ ಸೀಮೆಯ ಅತ್ತೆಗೆ ಹೊಗೆಸೊಪ್ಪಿನ ಮೇಲೆ ಗೌರವವಿರಲಿಲ್ಲ. "ಅಷ್ಟೆತ್ರ ಮನೆ ಕಟ್ಟಿ, ಅದ್ಕೆ ಬೆಂಕಿ ಆಕಿ, ಕೊನೆಗೆ ತಿನ್ನಕ್ಕೂ ಆಗಕಿಲ್ಲ ಅಂದ್ರೆ ಅದೆಂಥಾ ಬೆಳೆ?" ಅಂದರು.

ಆಕೆ ಬೇಸರ ಮಾಡಿಕೊಳ್ಳಲಿಲ್ಲ. "ನಮ್ಮತ್ತೆ ಇದ್ದಿದ್ರೆ ನಿಮ್ಗೆ ಉತ್ರ ಕೊಡೋರು ಅವ್ವ" ಅಂದರು.

ಹೀಗೆ ಆಕೆಯ ಅತ್ತೆಯ ವಿಷಯ ಬಂತು. ಎರಡು ವರ್ಷದ ಹಿಂದೆ ಹೋಗಿಬಿಟ್ಟಿದ್ದರು. ಸೊಪ್ಪು ಬೇಯಿಸುವ ಕಾಲದಲ್ಲಿ ಮುದುಕಿ ಒಲೆಯ ಬಾಯಿಂದ ಕದಲುತ್ತಿರಲಿಲ್ಲವಂತೆ. ಒಂದು ಕೆಂಪು ಶಾಲು ಹೊದ್ದುಕೊಂಡು, ಕಾಲು ನೀಡಿಕೊಂಡು ಕೂತರೆ ಮುಗಿಯಿತು. ಊಟವೂ ಅಲ್ಲಿಗೇ ಹೋಗಬೇಕು.

"ಯಾರು ಸೌದೆ ಆಕುದ್ರೂ ಬೈಯೋರು. ಬೆಂಕಿ ಎಚ್ಚಾಯ್ತು ಅಂತ ಬೈಯೋರು, ಕಮ್ಮಿ ಆಯ್ತು ಅಂತ ಬೈಯೋರು. ಸೊಪ್ಪು ಅಳದಿಗೆ ತಿರುಗುದ್ಮೇಲೇನೇ ಸುಮ್ಕಾಯ್ತಿದ್ದುದ್ದು" ಅಂದರು.

"ಬೆಂಕಿ ಎಚ್ಚಾದ್ರೆ ಬೈಬೇಕಲ್ವಾ ಮತ್ತೆ" ಎಂದರು ನಮ್ಮತ್ತೆ. ಅವರು ಯಾರ ಪಕ್ಷ ವಹಿಸುತ್ತಾರೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಆಕೆ ನಕ್ಕರು. ಅದಾದ ಮೇಲೆ ವಾರವಾರವೂ ಆ ಮುದುಕಿಯ ಕಥೆಯೇ. ಬೈದದ್ದು, ಬೈದು ಆಮೇಲೆ ಕರೆದು ಸೊಸೆಯ ಸೊಂಟಕ್ಕೆ ಎಣ್ಣೆ ಹಚ್ಚಿದ್ದು, ಮಗ ಬೈಕು ಕೊಂಡಾಗ ಮೂರು ದಿನ ಮಾತು ಬಿಟ್ಟದ್ದು. ನಮ್ಮತ್ತೆ ಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಅರ್ಧ ಕೇಳಿಸಿಕೊಂಡೆ. ನನಗೆ ಗೋಡೆಯ ಚಿಂತೆ.

ಗೋಡೆಯದು ಒಂದು ಬಣ್ಣವಾಗಿರಲಿಲ್ಲ. ಕೆಳಗೆ ಮಣ್ಣು, ನಡುವೆ ಹಳೆಯ ಸುಣ್ಣ, ಒಲೆಯ ಮೇಲೆ ಮಸಿ, ಹೆಂಚಿನ ಕೆಳಗೆ ಮಳೆ ಇಳಿದ ಗುರುತು. ಮೊದಲ ಹಾಳೆಯನ್ನು ಗಾಳಿ ಎತ್ತಿಕೊಂಡು ಹೋಗಿ ಕಲಗಚ್ಚಿನ ಬಾನಿಗೆ ಹಾಕಿತು. ಹಸು ಅದನ್ನು ಮೂಸಿ ನೋಡಿ ಬಿಟ್ಟಿತು. ಎರಡನೆಯದರಲ್ಲಿ ಎಲ್ಲವೂ ಕಲೆತು ಒಂದೇ ಬೂದು ಬಣ್ಣವಾಯಿತು. ಮೂರನೆಯ ಹಾಳೆಯಲ್ಲಿ ನಾನು ಅವಸರ ಮಾಡಲಿಲ್ಲ. ಒಂದು ಬಣ್ಣ ಹಚ್ಚಿ, ಅದು ಒಣಗುವವರೆಗೆ ಕೈಕಟ್ಟಿ ಕೂತೆ.

ಹಾಗೆ ಕೂತಾಗಲೇ ಈ ಹವ್ಯಾಸದ ಸುಖ ನನಗೆ ತಿಳಿದದ್ದು. ಒದ್ದೆ ಹಾಳೆಯ ಮುಂದೆ ಮನುಷ್ಯ ಮಾಡಬಹುದಾದದ್ದು ಏನೂ ಇಲ್ಲ. ಮುಟ್ಟಿದರೆ ಕೆಡುತ್ತದೆ. ಸುಮ್ಮನೆ ಕೂತರೆ ನಾಲೆಯ ನೀರು ತೂಬಿನ ಹತ್ತಿರ ಒಂದು ಥರ, ಮುಂದೆ ಇನ್ನೊಂದು ಥರ ಸದ್ದು ಮಾಡುವುದು ಕೇಳುತ್ತದೆ. ಕೊಯ್ದ ರಾಗಿಯ ಕೂಳೆಯ ಮೇಲೆ ಬೆಳ್ಳಕ್ಕಿಗಳು ಯಾರದೋ ಜಮೀನು ನೋಡಲು ಬಂದ ನೆಂಟರ ಹಾಗೆ ಹೆಜ್ಜೆ ಹಾಕುತ್ತವೆ. ನೆರಳು ಗೋಡೆಯ ಮೇಲೆ ಇಳಿಯುತ್ತದೆ. ಬಿಸಿಲನ್ನು ಬರೆಯಲು ಬಣ್ಣವೇ ಇಲ್ಲ, ಹಾಳೆಯನ್ನು ಹಾಗೇ ಬಿಳಿಯಾಗಿ ಬಿಟ್ಟರೆ ಅದೇ ಬಿಸಿಲು ಎಂಬುದು ಅಲ್ಲಿ ಗೊತ್ತಾಯಿತು. ಲ್ಯಾಬಿನಲ್ಲಿ ನಾನು ಬಿಟ್ಟದ್ದನ್ನೆಲ್ಲ ತಪ್ಪು ಎನ್ನುತ್ತಾರೆ. ಇಲ್ಲಿ ಬಿಟ್ಟದ್ದೇ ಚೆನ್ನಾಗಿ ಬಂತು. ಲ್ಯಾಬಿನ ಬೀದಿಯ ಬೈಕುಗಳ ಹಾರನ್ನು, ರಿಪೋರ್ಟಿಗೆ ಕಾಯುವವರ ಮುಖ, ಯಾವುದೂ ಆ ಹೊತ್ತಿನಲ್ಲಿ ನೆನಪಿಗೆ ಬರುತ್ತಿರಲಿಲ್ಲ.

ಕೆಡವುವ ಮುಂಚಿನ ಭಾನುವಾರ ಚಿತ್ರ ಬಹುಪಾಲು ಮುಗಿದಿತ್ತು. ಹೆಂಚಿಗೆ ಕೊನೆಯ ಬಣ್ಣ ಹಚ್ಚಿ ಒಣಗಲು ಬಿಟ್ಟೆ. ಮನೆಯಾಕೆ ಹಿತ್ತಲಲ್ಲಿ ಹೊಸದಾಗಿ ಹುಟ್ಟಿದ ಕರು ತೋರಿಸುತ್ತೇನೆಂದು ಕರೆದರು. ಕರು ನೋಡಿ, ಕಾಫಿ ಕುಡಿದು, ಮಾತಿಗೆ ಕೂತು, ಗಂಟೆಯ ಮೇಲೆ ನಾನು ಬಂದಾಗ ಅತ್ತೆ ನನ್ನ ಸ್ಟೂಲಿನ ಮೇಲೆ ಕೂತಿದ್ದರು. ಮಡಿಲಲ್ಲಿ ರಟ್ಟು, ಅದರ ಮೇಲೆ ಒಂದು ಹೊಸ ಹಾಳೆ, ಕೈಯಲ್ಲಿ ನನ್ನ ಬ್ರಷ್ಷು.

"ಸುಮ್ನೆ ಕೂತಿದ್ನಲ್ಲ ಅಂತ" ಅಂದರು.

ನಾನು ಬಗ್ಗಿ ಹಾಳೆ ನೋಡಿದೆ. ಅವರು ರಂಗೋಲಿ ಎಳೆಯುವಂತೆ ಗಟ್ಟಿಯಾಗಿ ಗೆರೆ ಎಳೆದಿದ್ದರು. ಬ್ಯಾರನ್ನು ಹಾಳೆಯ ಮೇಲಿನ ಅಂಚಿನವರೆಗೆ ಹೋಗಿ, ಅಲ್ಲಿ ಜಾಗ ಸಾಲದೆ ಸ್ವಲ್ಪ ಬಾಗಿತ್ತು. ಒಂದೊಂದು ಹೆಂಚೂ ಬೇರೆ ಬೇರೆ. ರಾಗಿಯ ಕೂಳೆ ಇದ್ದ ಕಡೆಯೆಲ್ಲ ಅಚ್ಚ ಹಸಿರು. ಅವರ ಊರಿನ ಗದ್ದೆಯನ್ನು ತಂದು ಹಾಸಿದ್ದರು. ನೀರು ಬೆರೆಸಿ ಬಣ್ಣ ತೆಳು ಮಾಡಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ. ನನ್ನ ಡಬ್ಬಿಯಲ್ಲಿ ಹಸಿರಿನ ಬಿಲ್ಲೆ ಇದ್ದ ಗುಳಿ ಬರಿದಾಗಿತ್ತು. ಒಲೆಯ ಬಾಯಿಯ ಹತ್ತಿರ ಒಂದು ಕೆಂಪು ಮುದ್ದೆ.

"ಇದೇನತ್ತೆ?" ಎಂದು ಕೇಳಿದೆ.

"ಅವ್ರತ್ತೆ."

"ನೀವು ಅವರನ್ನ ನೋಡೇ ಇಲ್ಲವಲ್ಲ."

"ಯೋಳುದ್ಲಲ್ಲ ಅವ್ಳು" ಅಂದರು.

ಅಷ್ಟರಲ್ಲಿ ಮನೆಯಾಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಮೊದಲು ನನ್ನ ಚಿತ್ರ ನೋಡಿದರು. "ಚೆನ್ನಾಗದೆ ಅಕ್ಕ. ಬಣ್ಣ ಎಲ್ಲ ತೆಳ್ಳಗೆ" ಅಂದರು. ಆಮೇಲೆ ಅತ್ತೆಯ ಮಡಿಲಿನ ಹಾಳೆ ನೋಡಿದರು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೆಂಪು ಮುದ್ದೆಯ ಹತ್ತಿರ ಬೆರಳು ತಂದು, ಮುಟ್ಟದೆ ಹಾಗೇ ಹಿಡಿದುಕೊಂಡರು.

"ಇಂಗೇ ಕೂರೋರು. ಕಾಲು ನೀಡ್ಕೊಂಡು" ಅಂದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಕೆಲಸವೇನೂ ಇಲ್ಲದಿದ್ದರೂ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಆಕೆಯ ಗಂಡನೂ ಬಂದು ನೋಡಿದರು. ಬಹಳ ಹೊತ್ತು ನೋಡಿದರು. "ಅವ್ವನ್ನೂ ಬರ್ದಿದ್ದೀರಿ" ಎಂದು ನಮ್ಮತ್ತೆಗೆ ಹೇಳಿದರು. ದನಿ ಸಣ್ಣದಾಗಿತ್ತು. ಇದನ್ನೇ ಇಟ್ಟುಕೊಳ್ಳುತ್ತೇವೆ ಅಂದರು.

"ಎರಡನ್ನೂ ಇಟ್ಕೊಳ್ಳಿ" ಎಂದೆ ನಾನು.

ಅವರಿಗೆ ಸಂಕೋಚವಾಯಿತು. "ನಿಮ್ದು ನೀವೇ ಇಟ್ಕೊಳಿ ಮೇಡಮ್. ಅಷ್ಟು ವಾರ ಕಷ್ಟ ಪಟ್ಟಿದ್ದೀರಿ" ಅಂದರು.

ಬಸ್ಸಿನಲ್ಲಿ ನಾನು ಕಿಟಕಿಯ ಕಡೆಗೆ ತಿರುಗಿ ಕೂತೆ. ನನಗೆ ಬೇಸರವಾಗಿತ್ತು. ಅತ್ತೆಯ ಜೊತೆ ಅಡಿಗೆಯಲ್ಲಿ ಸೋತು ಅಭ್ಯಾಸವಿತ್ತು. ಇದರಲ್ಲೂ ಸೋಲಬೇಕಾಗುತ್ತದೆಂದು ಅಂದುಕೊಂಡಿರಲಿಲ್ಲ. ಜೊತೆಗೆ, ಆಕೆ ಕೆಂಪು ಮುದ್ದೆಯ ಹತ್ತಿರ ಬೆರಳು ಹಿಡಿದದ್ದು ಕಣ್ಣಿನ ಮುಂದೆಯೇ ಇತ್ತು. ಅದನ್ನು ನೆನೆದಾಗ ಬೇಸರಕ್ಕೆ ಬಲ ಬರುತ್ತಿರಲಿಲ್ಲ.

ಹುಣಸೂರು ಹತ್ತಿರ ಬಂದಾಗ ಅತ್ತೆ, "ನಿಂದೂ ಚೆನ್ನಾಗೇ ಅದೆ ಕಣವ್ವ. ಅದ್ರಲ್ಲಿ ಯಾರೂ ಇಲ್ಲ, ಅಷ್ಟೆ" ಅಂದರು.

ಬ್ಯಾರನ್ನನ್ನು ಆ ವಾರವೇ ಕೆಡವಿದರು. ನಾವು ಮತ್ತೆ ಹೋದಾಗ ಅಲ್ಲಿ ಆಕಾಶ ಇತ್ತು. ಹೆಂಚುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಮನೆಯೊಳಗೆ ನಮ್ಮತ್ತೆ ಬರೆದ ಚಿತ್ರ ಕಟ್ಟು ಹಾಕಿಸಿಕೊಂಡು, ದೇವರ ಕ್ಯಾಲೆಂಡರಿನ ಪಕ್ಕ ನೇತಾಡುತ್ತಿತ್ತು. ಗಾಜಿನ ಮೇಲೆ, ಸರಿಯಾಗಿ ಕೆಂಪು ಮುದ್ದೆಯ ಜಾಗದಲ್ಲಿ, ಕುಂಕುಮ ಇಟ್ಟಿದ್ದರು. ಮನೆಯ ಹೆಣ್ಣುಮಕ್ಕಳು ತವರಿಗೆ ಬಂದಾಗ ಅದನ್ನು ನೋಡಿ ಅತ್ತರಂತೆ. ಒಬ್ಬರು ಮಾತ್ರ ಮೂಗು ಅವ್ವನ ಹಾಗಿಲ್ಲ ಅಂದರಂತೆ. ನಾನು ಹತ್ತಿರ ಹೋಗಿ ನೋಡಿದೆ. ಮೂಗು ಇರಲಿಲ್ಲ.

ಸುದ್ದಿ ತಿಳಿದು ಆ ಊರಿನ ಇನ್ನಿಬ್ಬರು ಬಂದು ತಮ್ಮ ಮನೆಯ ಹಿರಿಯರನ್ನೂ ಬರೆದುಕೊಡಿ ಎಂದು ಅತ್ತೆಯನ್ನು ಕೇಳಿದರು. ಅತ್ತೆ ಒಪ್ಪಲಿಲ್ಲ. "ಅವ್ರು ಬೈತಿದ್ರಾ?" ಎಂದು ಒಬ್ಬರನ್ನು ಕೇಳಿದರು. ಇಲ್ಲ, ಬಹಳ ಸಾಧು ಎಂದರು ಅವರು. "ಅಂಗಾದ್ರೆ ನಂಗೆ ಬರಕಿಲ್ಲ ಬುಡಪ್ಪ" ಅಂದರು ಅತ್ತೆ.

ನಾನು ಅವರಿಗೆಂದೇ ಒಂದು ಬಣ್ಣದ ಡಬ್ಬಿ ಕೊಂಡೆ. ಅದರ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಬೀರುವಿನ ಮೇಲಿಟ್ಟರು. ಅವರು ಮತ್ತೆ ಬ್ರಷ್ಷು ಮುಟ್ಟಲಿಲ್ಲ. ಕೇಳಿದರೆ, "ಒಂದ್ಸಲ ಮಾಡಾಯ್ತಲ್ಲ" ಎನ್ನುತ್ತಾರೆ.

ನಾನು ಬಿಟ್ಟಿಲ್ಲ. ಚಿತ್ರಗಳಲ್ಲಿ ಈಗ ಜನರನ್ನೂ ಹಾಕಲು ನೋಡುತ್ತಿದ್ದೇನೆ. ಬೇಲಿಗೆ ನೆಟ್ಟ ಗೂಟಗಳ ಹಾಗೆ ಬರುತ್ತಾರೆ. ಅವರೆಕಾಯಿ ಮುಗಿದರೂ ನಾವು ಅವರ ಮನೆಗೆ ಹೋಗುವುದು ನಿಂತಿಲ್ಲ. ಮೊನ್ನೆ ಹೋದಾಗ ಯಜಮಾನರು ನನ್ನನ್ನು ಕರೆದು, ತಳಪಾಯ ಮುಗಿದು ಗೋಡೆ ಏರುತ್ತಿದ್ದ ಕೊಟ್ಟಿಗೆ ತೋರಿಸಿದರು.

"ಇದ್ನ ಬರೀರಿ ಮೇಡಮ್. ಒಸದು. ಇದ್ರಲ್ಲಿ ಯಾರೂ ಕೂತಿಲ್ಲ ಇನ್ನೂ. ನಿಮ್ಗೆ ಸರಿಯಾಯ್ತದೆ" ಅಂದರು.

ಶುರು ಮಾಡಿದ್ದೇನೆ. ಕೊಟ್ಟಿಗೆಗೆ ಇನ್ನೂ ಛಾವಣಿ ಬಂದಿಲ್ಲ. ನಾನೂ ಗೋಡೆಯವರೆಗೆ ಬರೆದು ಕಾಯುತ್ತಿದ್ದೇನೆ.